ಕಾರ್ಬುರೇಟರ್ ಸ್ಕ್ರೂ ಬಲಕ್ಕೆ ತಿರುಗಿಸಿದರೆ ಐಡ್ಲಿಂಗ್ ಸರಿಹೋಗುತ್ತದೆಯೇ? ಉತ್ತರ ವಿಲ್ಹೆಲ್ಮ್ ಮೇಬ್ಯಾಕ್ ಬದುಕಿನಲ್ಲಿದೆ

ಹಳೆ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಹಳೆ ಜೀಪು ಇಟ್ಟುಕೊಂಡವರ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಸಲಹೆ ಆಗಾಗ ಸುತ್ತಿ ಬರುತ್ತದೆ. ಗಾಡಿ ನಿಂತಲ್ಲೇ ನಡುಗುತ್ತಿದ್ದರೆ, ಆಕ್ಸಿಲರೇಟರ್ ಬಿಟ್ಟ ಕೂಡಲೇ ಆಫ್ ಆಗುತ್ತಿದ್ದರೆ ಕಾರ್ಬುರೇಟರಿನ ಸ್ಕ್ರೂ ಅರ್ಧ ಸುತ್ತು ಬಲಕ್ಕೆ ತಿರುಗಿಸಿ. ಐಡ್ಲಿಂಗೂ ಸರಿಹೋಗುತ್ತದೆ, ಮೈಲೇಜೂ ಹೆಚ್ಚುತ್ತದೆ ಎನ್ನುವುದು ಅದರ ಸಾರ. ಕೊಪ್ಪಳದಿಂದ ಗಂಗಾವತಿಗೆ, ಅಲ್ಲಿಂದ ಕುಷ್ಟಗಿ, ಯಲಬುರ್ಗಾಕ್ಕೆ ಮದುವೆ ಸೀಸನ್‌ನಲ್ಲಿ ಇಂಥ ಗಾಡಿ ಓಡಿಸುವವರು ದಾರಿಯಲ್ಲಿ ನಿಂತಾಗ ಮೊದಲು ಕೈ ಹಾಕುವುದೂ ಆ ಸ್ಕ್ರೂಗೇ.

ಯಾವ ಸ್ಕ್ರೂ ಎಂದು ಆ ಮೆಸೇಜ್ ಹೇಳುವುದಿಲ್ಲ. ಒಂದು ಬಗೆಯ ಕಾರ್ಬುರೇಟರಿನಲ್ಲಿ ಬಲಕ್ಕೆ ತಿರುಗಿಸಿದರೆ ಪೆಟ್ರೋಲ್ ಕಡಿಮೆಯಾಗುತ್ತದೆ, ಇನ್ನೊಂದು ಬಗೆಯದರಲ್ಲಿ ಹೆಚ್ಚುತ್ತದೆ. ಹಾಗೇಕೆ ಎಂದು ತಿಳಿಯಲು ಈ ಯಂತ್ರ ಹುಟ್ಟಿದ್ದು ಹೇಗೆ ಎಂದು ನೋಡಬೇಕು. ಅದನ್ನು ಇಂದಿನ ರೂಪಕ್ಕೆ ತಂದವರಲ್ಲಿ ಮುಖ್ಯರು ಜರ್ಮನಿಯ ವಿಲ್ಹೆಲ್ಮ್ ಮೇಬ್ಯಾಕ್. ಕೋಟಿಗಟ್ಟಲೆ ಬೆಲೆಯ ಕಾರಿನ ಮೇಲಿರುವ ಹೆಸರು ಇವರದೇ ಮನೆತನದ್ದು. ಆದರೆ ಇವರು ಹುಟ್ಟಿ ಬೆಳೆದದ್ದು ಬಡತನದಲ್ಲಿ.

ಅನಾಥ ಹುಡುಗನ ಡ್ರಾಯಿಂಗ್ ಬೋರ್ಡ್

ಮೇಬ್ಯಾಕ್ ಹುಟ್ಟಿದ್ದು 1846ರ ಫೆಬ್ರವರಿ 9ರಂದು, ಹೈಲ್‌ಬ್ರಾನ್ ಎಂಬ ಊರಿನಲ್ಲಿ. ತಂದೆ ಬಡಗಿ. ಮನೆಯವರು ಸ್ಟುಟ್‌ಗಾರ್ಟಿಗೆ ಬಂದ ಮೇಲೆ 1854ರಲ್ಲಿ ತಾಯಿ, 1856ರಲ್ಲಿ ತಂದೆ ತೀರಿಕೊಂಡರು. ಹತ್ತು ವರ್ಷದ ಹುಡುಗನೂ ಅವನ ಅಣ್ಣತಮ್ಮಂದಿರೂ ದಿಕ್ಕಿಲ್ಲದಂತಾದರು. ಪರಿಚಯದವರು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಶ್ರಯ ಕೇಳಿದರು. ರಾಯ್ಟ್‌ಲಿಂಗೆನ್ ಊರಿನ ಬ್ರೂಡರ್‌ಹೌಸ್ ಎಂಬ ಸಂಸ್ಥೆ ವಿಲ್ಹೆಲ್ಮ್‌ನನ್ನು ಸೇರಿಸಿಕೊಂಡಿತು. ಪಾದ್ರಿ ಗುಸ್ಟಾವ್ ವೆರ್ನರ್ ನಡೆಸುತ್ತಿದ್ದ ಆ ಅನಾಥಾಲಯದಲ್ಲಿ ಊಟ ವಸತಿಯ ಜೊತೆ ಕೈಕೆಲಸವನ್ನೂ ಕಲಿಸುತ್ತಿದ್ದರು, ಅದಕ್ಕೆ ಸ್ವಂತ ಯಂತ್ರ ಕಾರ್ಖಾನೆಯೂ ಇತ್ತು. ಹುಡುಗನಿಗೆ ಗೆರೆ ಎಳೆಯುವುದರಲ್ಲಿ, ಲೆಕ್ಕದಲ್ಲಿ ಆಸಕ್ತಿ ಇರುವುದನ್ನು ವೆರ್ನರ್ ಗಮನಿಸಿದರು. ಹದಿನೈದರ ಹೊತ್ತಿಗೆ ಅವನು ಯಂತ್ರಗಳ ನಕ್ಷೆ ಬರೆಯುವ ಕೆಲಸಕ್ಕೆ ಕೂತಿದ್ದ, ಸಂಜೆ ಹೊತ್ತು ಶಾಲೆಗೂ ಹೋಗುತ್ತಿದ್ದ.

ಅದೇ ಕಾರ್ಖಾನೆಯ ಮೇಲ್ವಿಚಾರಣೆಗೆ ಗಾಟ್‌ಲೀಬ್ ಡೈಮ್ಲರ್ ಎಂಬ ಎಂಜಿನಿಯರ್ ಬಂದರು. ಮೇಬ್ಯಾಕ್‌ಗಿಂತ ಹನ್ನೆರಡು ವರ್ಷ ದೊಡ್ಡವರು. 1865ರಲ್ಲಿ ಶುರುವಾದ ಇಬ್ಬರ ಒಡನಾಟ ಡೈಮ್ಲರ್ 1900ರಲ್ಲಿ ಸಾಯುವವರೆಗೂ ಮುರಿಯಲಿಲ್ಲ. ಡೈಮ್ಲರ್ ಎಲ್ಲಿಗೆ ಕೆಲಸಕ್ಕೆ ಹೋದರೂ ಮೇಬ್ಯಾಕ್‌ರನ್ನು ಕರೆಸಿಕೊಳ್ಳುತ್ತಿದ್ದರು. ಮೊದಲು ಕಾರ್ಲ್ಸ್‌ರೂಹೆ, 1872ರಲ್ಲಿ ಕಲೋನ್ ಪಕ್ಕದ ಡಾಯ್ಟ್ಸ್ ಕಂಪನಿ. ನಿಕೋಲಸ್ ಆಟೊ 1876ರಲ್ಲಿ ನಾಲ್ಕು ಸ್ಟ್ರೋಕ್ ಎಂಜಿನ್ ಮಾಡಿ ತೋರಿಸಿದ್ದು ಅಲ್ಲೇ. ಆ ಎಂಜಿನನ್ನು ಕಾರ್ಖಾನೆಯಲ್ಲಿ ಸಾಲಾಗಿ ತಯಾರಿಸುವಂತೆ ತಿದ್ದಿದವರಲ್ಲಿ ಮೇಬ್ಯಾಕ್ ಮುಖ್ಯರು.

ಆಟೊ ಎಂಜಿನ್ ಭಾರೀ ಗಾತ್ರದ್ದು. ಗ್ಯಾಸ್‌ನಿಂದ ಓಡುತ್ತಿತ್ತು, ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಬೇಕಿತ್ತು, ನಿಮಿಷಕ್ಕೆ ನೂರೈವತ್ತು ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತಿತ್ತು. ಗಾಡಿಗೆ ಕಟ್ಟಬೇಕಾದರೆ ಎಂಜಿನ್ ಚಿಕ್ಕದಾಗಬೇಕು, ಜೋರಾಗಿ ತಿರುಗಬೇಕು, ದ್ರವ ಇಂಧನ ಕುಡಿಯಬೇಕು. 1882ರಲ್ಲಿ ಇಬ್ಬರೂ ಡಾಯ್ಟ್ಸ್ ಬಿಟ್ಟು ಸ್ಟುಟ್‌ಗಾರ್ಟ್ ಪಕ್ಕದ ಕಾನ್‌ಸ್ಟಾಟ್‌ಗೆ ಬಂದು, ಡೈಮ್ಲರ್ ಮನೆಯ ತೋಟದ ಕಟ್ಟಡವೊಂದರಲ್ಲಿ ಬಾಗಿಲು ಹಾಕಿಕೊಂಡು ಕೆಲಸಕ್ಕೆ ಕೂತರು. ಹಗಲೂ ರಾತ್ರಿ ಒಳಗಿನಿಂದ ಲೋಹದ ಸದ್ದು. ಇವರು ಖೋಟಾ ನಾಣ್ಯ ಹೊಡೆಯುತ್ತಿದ್ದಾರೆಂದು ಅನುಮಾನಿಸಿ ತೋಟಗಾರ ಪೊಲೀಸರಿಗೆ ತಿಳಿಸಿದ, ಪೊಲೀಸರು ಬಂದು ನೋಡಿದರೆ ಎಂಜಿನ್ ಮಾತ್ರ ಇತ್ತು ಎನ್ನುವ ಕತೆ ಆ ಊರಿನಲ್ಲಿ ಇಂದಿಗೂ ಪ್ರಸಿದ್ಧ. ಅಲ್ಲಿ ತಯಾರಾದ ಎಂಜಿನ್ ನಿಮಿಷಕ್ಕೆ 600 ಸುತ್ತು ತಿರುಗಿತು. 1885ರ ಹೊತ್ತಿಗೆ ಅದು ಮರದ ಬೈಕಿನ ಮೇಲೆ, 1886ರಲ್ಲಿ ಕುದುರೆ ಸಾರೋಟಿನಂಥ ಗಾಡಿಯ ಮೇಲೆ ಕೂತಿತ್ತು.

ಪೆಟ್ರೋಲ್ ಹಾಗೇ ಉರಿಯುವುದಿಲ್ಲ

ದ್ರವ ಪೆಟ್ರೋಲ್ ಎಂಜಿನ್ ಒಳಗೆ ಸುಮ್ಮನೆ ಉರಿಯುವುದಿಲ್ಲ. ಅದು ಗಾಳಿಯ ಜೊತೆ ಸರಿಯಾದ ಪ್ರಮಾಣದಲ್ಲಿ ಬೆರೆಯಬೇಕು. ತೂಕದ ಲೆಕ್ಕದಲ್ಲಿ 1 ಕಿಲೊ ಪೆಟ್ರೋಲಿಗೆ ಸುಮಾರು 14.7 ಕಿಲೊ ಗಾಳಿ. ಇದನ್ನೇ ಲೀಟರಿನಲ್ಲಿ ಹೇಳಿದರೆ 1 ಲೀಟರ್ ಪೆಟ್ರೋಲಿಗೆ ಸುಮಾರು 9,000 ಲೀಟರ್ ಗಾಳಿ! ನಿಮ್ಮ ಗಾಡಿಯ ಕಾರ್ಬುರೇಟರ್ ಹೆಚ್ಚಾಗಿ ಗಾಳಿಯನ್ನು ಅಳೆಯುವ ಯಂತ್ರ, ಪೆಟ್ರೋಲ್ ಅದರಲ್ಲಿ ಚಿಟಿಕೆ ಉಪ್ಪಿನಷ್ಟು.

ಮೊದಲ ಕಾರುಗಳಲ್ಲಿ ಗಾಳಿಯನ್ನು ಪೆಟ್ರೋಲಿನ ಮೇಲಿಂದ ಹಾಯಿಸಿ ಅದರ ಆವಿಯನ್ನು ಎಂಜಿನ್‌ಗೆ ಕಳಿಸುತ್ತಿದ್ದರು. ಡೈಮ್ಲರ್ ಮತ್ತು ಮೇಬ್ಯಾಕ್ ಬಳಸಿದ್ದೂ ಇದನ್ನೇ, ಕಾರ್ಲ್ ಬೆಂಜ್ ಬಳಸಿದ್ದೂ ಇದನ್ನೇ. ತೊಂದರೆ ಏನೆಂದರೆ, ಪೆಟ್ರೋಲ್ ಒಂದೇ ವಸ್ತುವಲ್ಲ, ಹಲವು ಎಣ್ಣೆಗಳ ಮಿಶ್ರಣ. ಬೇಗ ಆವಿಯಾಗುವ ಹಗುರ ಭಾಗ ಮೊದಲು ಹೋಗಿಬಿಡುತ್ತದೆ, ಭಾರದ್ದು ಉಳಿಯುತ್ತದೆ. ಹೊರಟಾಗ ಚೆನ್ನಾಗಿ ಓಡಿದ ಗಾಡಿ ಹತ್ತು ಮೈಲಿ ಹೋಗುವಷ್ಟರಲ್ಲಿ ಕೆಮ್ಮತೊಡಗುತ್ತದೆ. ಚಳಿಗೊಂದು ತರ, ಬಿಸಿಲಿಗೊಂದು ತರ. ಗುಂಡಿಯಲ್ಲಿ ಕುಲುಕಿದರೆ ಮತ್ತೊಂದು ತರ.

1888ರ ಆಗಸ್ಟಿನಲ್ಲಿ ಬೆಂಜ್‌ರ ಹೆಂಡತಿ ಬರ್ತಾ ಬೆಂಜ್ ಮಕ್ಕಳಿಬ್ಬರನ್ನು ಕೂರಿಸಿಕೊಂಡು ಮ್ಯಾನ್‌ಹೈಮ್‌ನಿಂದ ಫೋರ್ಜ್‌ಹೈಮ್‌ಗೆ ಕಾರು ಓಡಿಸಿದ ಕತೆ ನಿಮ್ಮ ಫೋನಿಗೂ ಬಂದಿರಬಹುದು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಅವರು ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದರಂತೆ. ಇದನ್ನು ಓದಿ ಯಾರಾದರೂ ಇವತ್ತಿನ ಕಾರ್ಬುರೇಟರ್ ಜೆಟ್ಟಿಗೆ ಪಿನ್ ಹಾಕಿದರೆ ಕೆಟ್ಟರು. ಬರ್ತಾ ಚುಚ್ಚಿದ್ದು ಕೊಳವೆಯನ್ನು. ಜೆಟ್ ಎಂಬುದು ಅಳತೆ ಮಾಡಿ ಕೊರೆದ ತೂತು. ನಮ್ಮ ಮನೆಗಳಲ್ಲಿ ಪಂಪ್ ಸ್ಟೋವಿಗೆ ಪಿನ್ ಹಾಕಿ ರೂಢಿಯಾಗಿದೆ, ಅದೇ ಕೈ ಇಲ್ಲಿಗೂ ಹೋಗುತ್ತದೆ. ಹಿತ್ತಾಳೆಯ ಜೆಟ್ಟಿಗೆ ಗಟ್ಟಿ ತಂತಿ ಹಾಕಿ ಉಜ್ಜಿದರೆ ತೂತು ದೊಡ್ಡದಾಗಿ ಆಮೇಲೆ ಯಾವ ಸ್ಕ್ರೂ ತಿರುಗಿಸಿದರೂ ಲೆಕ್ಕ ಸರಿಹೋಗುವುದಿಲ್ಲ. ಜೆಟ್ಟನ್ನು ಕಾರ್ಬುರೇಟರ್ ಕ್ಲೀನರ್‌ನಲ್ಲಿ ನೆನೆಸಿ, ಕಂಪ್ರೆಸರ್ ಗಾಳಿಯಿಂದ ಊದಿಸಬೇಕು.

ಹೋಟೆಲಿನ ನಾಟ್ಯದ ಹಾಲ್‌ನಲ್ಲಿ

1890ರಲ್ಲಿ ಡೈಮ್ಲರ್ ಹೆಸರಿನಲ್ಲಿ ದೊಡ್ಡ ಕಂಪನಿ ಶುರುವಾಯಿತು. ಬಂಡವಾಳ ಹಾಕಿದವರ ಕೈ ಮೇಲಾಯಿತು. ಅವರು ಒಡ್ಡಿದ ಷರತ್ತುಗಳು ಒಪ್ಪಿಗೆಯಾಗದೆ ಮೇಬ್ಯಾಕ್ 1891ರಲ್ಲಿ ಹೊರಬಂದರು. ಡೈಮ್ಲರ್‌ಗೂ ಒಳಗೆ ಮಾತು ನಡೆಯುತ್ತಿರಲಿಲ್ಲ. ಆದರೂ ಅವರು ಗೆಳೆಯನಿಗೆ ಹಣ ಒದಗಿಸಿದರು. ಕಾನ್‌ಸ್ಟಾಟ್‌ನಲ್ಲಿ ಮುಚ್ಚಿಹೋಗಿದ್ದ ಹೆರ್ಮಾನ್ ಹೋಟೆಲಿನ ನಾಟ್ಯದ ಹಾಲನ್ನು ಬಾಡಿಗೆಗೆ ಹಿಡಿದು 1892ರಿಂದ ಅಲ್ಲಿ ಮೇಬ್ಯಾಕ್ ವರ್ಕ್‌ಶಾಪ್ ನಡೆಸಿದರು. ಅವರ ಜೊತೆ ಕೆಲವರು ಕೆಲಸಗಾರರು, ಒಂದಷ್ಟು ಅಪ್ರೆಂಟಿಸ್ ಹುಡುಗರು. ಕಂಪನಿಯ ಸ್ಥಾನಮಾನ ಇಲ್ಲದ ಈ ಮೂರು ವರ್ಷಗಳಲ್ಲೇ ಅವರ ಅತಿ ದೊಡ್ಡ ಕೆಲಸ ನಡೆದದ್ದು.

1893ರ ಆ ಕಾರ್ಬುರೇಟರನ್ನು ಬಿಡಿಸಿ ನೋಡಿದರೆ ಎರಡೇ ಉಪಾಯ. ಮೊದಲನೆಯದು ಪುಟ್ಟ ತೊಟ್ಟಿ, ಅದರಲ್ಲಿ ತೇಲುವ ಫ್ಲೋಟ್. ಮನೆಯ ಮೇಲಿನ ನೀರಿನ ಟ್ಯಾಂಕಿನಲ್ಲಿ ಬಾಲ್ ಕಾಕ್ ಇರುತ್ತದಲ್ಲ, ಅದೇ ಕೆಲಸ: ಪೆಟ್ರೋಲ್ ಒಂದು ಮಟ್ಟಕ್ಕೆ ಬಂದೊಡನೆ ಸೂಜಿ ಮೇಲೆದ್ದು ದಾರಿ ಮುಚ್ಚುತ್ತದೆ. ಎರಡನೆಯದು ಗಾಳಿಯ ದಾರಿಯಲ್ಲಿ ನಿಂತ ಸಣ್ಣ ನಳಿಗೆ, ಅಂದರೆ ಜೆಟ್. ಅದರ ಬಾಯಿ ಪೆಟ್ರೋಲ್ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲೆ. ಪಿಸ್ಟನ್ ಕೆಳಗಿಳಿದಾಗ ಗಾಳಿ ಜೆಟ್ಟಿನ ಪಕ್ಕದಲ್ಲಿ ಜೋರಾಗಿ ನುಗ್ಗಿ ಅಲ್ಲಿ ಒತ್ತಡ ಕಡಿಮೆಯಾಗುತ್ತದೆ. ತೊಟ್ಟಿಯ ಮೇಲೆ ಹೊರಗಿನ ಗಾಳಿಯ ಒತ್ತಡ ಹಾಗೇ ಇರುವುದರಿಂದ ಪೆಟ್ರೋಲ್ ಜೆಟ್ಟಿನಿಂದ ಚಿಮ್ಮಿ ಹನಿಹನಿಯಾಗಿ ಒಡೆಯುತ್ತದೆ. ಹಿಂದೆ ಸೊಳ್ಳೆಗೆ ಹೊಡೆಯುತ್ತಿದ್ದ ಫ್ಲಿಟ್ ಪಂಪ್ ನೆನಪಿದ್ದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಹಗುರ ಭಾಗ, ಭಾರದ ಭಾಗ ಎಂಬ ಭೇದ ಇಲ್ಲಿಲ್ಲ, ಎಲ್ಲವೂ ಒಟ್ಟಿಗೆ ಹೋಗುತ್ತದೆ. ಎಂಜಿನ್ ಜೋರಾಗಿ ಉಸಿರೆಳೆದರೆ ಹೆಚ್ಚು ಪೆಟ್ರೋಲ್, ಮೆಲ್ಲಗೆ ಎಳೆದರೆ ಕಡಿಮೆ. ಅಳೆಯುವ ಕೆಲಸವನ್ನು ಎಂಜಿನ್ನಿಗೇ ಒಪ್ಪಿಸಿದ್ದು ಮೇಬ್ಯಾಕ್ ಜಾಣ್ಮೆ.

ಕಾರ್ಬುರೇಟರ್ ಕಂಡುಹಿಡಿದವರು ಇವರೊಬ್ಬರೇ ಎಂದು ಫಾರ್ವರ್ಡ್ ಬಂದರೆ ನಂಬಬೇಡಿ. ಅದೇ 1893ರ ಫೆಬ್ರವರಿಯಲ್ಲಿ, ಮೇಬ್ಯಾಕ್‌ಗಿಂತ ಕೆಲವು ತಿಂಗಳು ಮೊದಲೇ, ಹಂಗೇರಿಯ ಡೊನಾಟ್ ಬಾಂಕಿ ಮತ್ತು ಯಾನೋಷ್ ಚೋಂಕಾ ಇಂಥದ್ದೇ ಸಾಧನಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದರು. ಹೂವಾಡಗಿತ್ತಿಯೊಬ್ಬಳು ಬಾಯಿಂದ ಊದಿ ಹೂವಿಗೆ ನೀರು ಚಿಮುಕಿಸುವುದನ್ನು ನೋಡಿ ಅವರಿಗೆ ಇದು ಹೊಳೆಯಿತು ಎಂಬ ಚೆಂದದ ಕತೆಯೂ ಇದೆ. ಕತೆ ನಿಜವೋ ಅಲ್ಲವೋ, ಪೇಟೆಂಟ್ ನಿಜ. ಆದರೆ ಕಾರುಗಳ ಮೇಲೆ ಕೂತು ಜಗತ್ತು ಸುತ್ತಿದ್ದು ಮೇಬ್ಯಾಕ್ ಕಾರ್ಬುರೇಟರಿನ ಸಂತಾನವೇ.

ಅದನ್ನು ಹೊತ್ತ ಫೀನಿಕ್ಸ್ ಎಂಜಿನ್ ಎಷ್ಟು ಚೆನ್ನಾಗಿತ್ತೆಂದರೆ, ಅದರ ಹಕ್ಕು ಬೇಕೆಂದ ಇಂಗ್ಲೆಂಡಿನ ವ್ಯಾಪಾರಿಗಳು ಡೈಮ್ಲರ್ ಮತ್ತೆ ಕಂಪನಿಗೆ ಬರಲೇಬೇಕೆಂದು ಪಟ್ಟು ಹಿಡಿದರು. 1895ರಲ್ಲಿ ಡೈಮ್ಲರ್ ಮರಳಿದರು, ಜೊತೆಗೆ ಮೇಬ್ಯಾಕ್ ಕೂಡ, ಈ ಸಲ ತಾಂತ್ರಿಕ ಮುಖ್ಯಸ್ಥರಾಗಿ. 1900ರ ಕೊನೆಗೆ ಅವರು ಎಮಿಲ್ ಯೆಲಿನೆಕ್ ಎಂಬ ಶ್ರೀಮಂತನ ಬೇಡಿಕೆಯಂತೆ ತಯಾರಿಸಿದ 35 ಅಶ್ವಶಕ್ತಿಯ ಕಾರಿಗೆ ಯೆಲಿನೆಕ್ ಮಗಳ ಹೆಸರು ಇಟ್ಟರು: ಮರ್ಸಿಡಿಸ್. ನಮ್ಮ ವಿಷಯಕ್ಕೆ ಬೇಕಾದ ಸಂಗತಿ ಇದರಲ್ಲೊಂದಿದೆ. ಈ ಎಂಜಿನ್ನಿನ ವೇಗವನ್ನು ಚಾಲಕ ಸ್ಟೀರಿಂಗ್ ಹತ್ತಿರದ ಲಿವರ್‌ನಿಂದ ನಿಮಿಷಕ್ಕೆ 300ರಿಂದ 1000 ಸುತ್ತಿನವರೆಗೆ ಇಳಿಸಿ ಏರಿಸಬಹುದಿತ್ತು. ಅಂದರೆ ನಿಂತಾಗ ಮೆಲ್ಲಗೆ, ಹೊರಟಾಗ ಜೋರಾಗಿ. ನಾವು ಐಡ್ಲಿಂಗ್ ಎನ್ನುವುದು ಹೀಗೆ ಚಾಲಕನ ಕೈಗೆ ಬಂತು.

ಹಾಗಾದರೆ ಐಡ್ಲಿಂಗ್‌ನಲ್ಲಿ ಮಾತ್ರ ಏಕೆ ನಡುಗುತ್ತದೆ?

ಆಕ್ಸಿಲರೇಟರ್ ಬಿಟ್ಟಾಗ ಕಾರ್ಬುರೇಟರ್ ಒಳಗಿನ ಥ್ರಾಟಲ್ ತಟ್ಟೆ ಹೆಚ್ಚುಕಡಿಮೆ ಮುಚ್ಚಿರುತ್ತದೆ. ಆಗ ಮುಖ್ಯ ಜೆಟ್ಟಿನ ಪಕ್ಕ ಹಾಯುವ ಗಾಳಿ ತೀರಾ ಮೆಲ್ಲಗೆ. ಪೆಟ್ರೋಲ್ ಮೇಲೇಳುವಷ್ಟು ಒತ್ತಡದ ವ್ಯತ್ಯಾಸ ಅಲ್ಲಿ ಹುಟ್ಟುವುದಿಲ್ಲ. ಮೇಬ್ಯಾಕ್ ನಂತರ ಬಂದವರು ಇದಕ್ಕೆಂದೇ ಬೇರೆ ಸಣ್ಣ ದಾರಿ ಮಾಡಿದರು. ಅದು ತಟ್ಟೆಯ ಕೆಳಗೆ, ಎಂಜಿನ್ ಎಳೆತ ಜೋರಾಗಿರುವ ಕಡೆ ತೆರೆದುಕೊಳ್ಳುತ್ತದೆ. ನೀವು ಸ್ಕ್ರೂಡ್ರೈವರ್ ಹಾಕುವ ಮಿಕ್ಸ್ಚರ್ ಸ್ಕ್ರೂ ಈ ಸಣ್ಣ ದಾರಿಯ ಕಾವಲುಗಾರ. ರಸ್ತೆಯಲ್ಲಿ ಓಡುವಾಗ ಮುಖ್ಯ ಜೆಟ್ಟೇ ಪೆಟ್ರೋಲ್ ಕೊಡುವುದರಿಂದ ಈ ಸ್ಕ್ರೂ ತಿರುಗಿಸಿ ಮೈಲೇಜ್ ಹೆಚ್ಚಿಸುವ ಆಸೆ ಬಿಡಿ.

ದಿಕ್ಕಿನ ಗೊಂದಲವೂ ಇಲ್ಲೇ ಬಗೆಹರಿಯುತ್ತದೆ. ಪದ್ಮಿನಿಯ ಸೋಲೆಕ್ಸ್‌ನಂಥ ಕಾರ್ಬುರೇಟರಿನಲ್ಲಿ ಸ್ಕ್ರೂ ಎಂಜಿನ್ ಕಡೆ ಇದ್ದು ಪೆಟ್ರೋಲ್ ಬೆರೆತ ಗಾಳಿಯನ್ನು ಹಿಡಿದಿಡುತ್ತದೆ. ಬಲಕ್ಕೆ ತಿರುಗಿಸಿದರೆ ಪೆಟ್ರೋಲ್ ಕಡಿಮೆ. ಅನೇಕ ಹಳೆ ಬೈಕುಗಳಲ್ಲಿ ಸ್ಕ್ರೂ ಏರ್ ಫಿಲ್ಟರ್ ಕಡೆ ಇದ್ದು ಬರೀ ಗಾಳಿಯನ್ನು ಹಿಡಿಯುತ್ತದೆ. ಬಲಕ್ಕೆ ತಿರುಗಿಸಿದರೆ ಗಾಳಿ ಕಡಿಮೆಯಾಗಿ ಪೆಟ್ರೋಲ್ ಪಾಲು ಹೆಚ್ಚು. ಹಳೆ ಅಂಬಾಸಿಡರಿನ ಎಸ್‌ಯು ಕಾರ್ಬುರೇಟರಿನಲ್ಲಂತೂ ಇಂಥ ಸ್ಕ್ರೂವೇ ಇಲ್ಲ, ಕೆಳಗಿನ ನಟ್ಟಿನಿಂದ ಜೆಟ್ಟನ್ನೇ ಏರಿಸಿ ಇಳಿಸಬೇಕು. ಬೈಕಿಗೆ ಬರೆದ ಸಲಹೆ ಕಾರಿನ ಗ್ರೂಪಿಗೆ ಬಂದರೆ ಆಗುವ ಅನಾಹುತ ಊಹಿಸಿ.

ಪೆಟ್ರೋಲ್ ತೀರಾ ಕಡಿಮೆಯಾದರೆ ಎಂಜಿನ್ ಮಿಸ್ಸಿಂಗ್ ಹೊಡೆಯುತ್ತದೆ, ಕಾರ್ಬುರೇಟರ್ ಕಡೆಗೆ ಪಟಾರ್ ಎನ್ನುತ್ತದೆ. ಹೆಚ್ಚಾದರೆ ಕಪ್ಪು ಹೊಗೆ, ಮಸಿ ಹಿಡಿದ ಪ್ಲಗ್, ಎಂಜಿನ್ ಆಯಿಲ್‌ಗೂ ಪೆಟ್ರೋಲ್ ವಾಸನೆ.

ಸ್ಕ್ರೂ ಮುಟ್ಟುವ ಮೊದಲು ನೋಡಬೇಕಾದ್ದು ಬೇರೆಯೇ ಇದೆ. ಗಂಗಾವತಿ ರೈಸ್ ಮಿಲ್‌ಗಳ ಸುತ್ತ ಹಾರುವ ಹೊಟ್ಟಿನ ದೂಳು, ಯಲಬುರ್ಗಾ ಕಡೆಯ ಮಣ್ಣಿನ ರಸ್ತೆ ಇವೆರಡೂ ಏರ್ ಫಿಲ್ಟರಿನ ಶತ್ರುಗಳು. ಫಿಲ್ಟರ್ ಬಿಚ್ಚಿ ನೋಡಿ. ಚೋಕ್ ಪೂರ್ತಿ ಹಿಂದೆ ಹೋಗಿದೆಯೇ ನೋಡಿ. ಪ್ಲಗ್, ಪಾಯಿಂಟ್ ಗ್ಯಾಪ್, ಟೈಮಿಂಗ್ ನೋಡಿಸಿ. ಕಾರ್ಬುರೇಟರ್ ಮೇಲೆ ಹೊರಿಸುವ ದೂರುಗಳಲ್ಲಿ ಬಹಳಷ್ಟು ಇವುಗಳದ್ದೇ ಎಂದು ಯಾವ ಹಳೆ ಮೆಕ್ಯಾನಿಕ್ ಆದರೂ ಹೇಳುತ್ತಾರೆ. ಕಾರ್ಬುರೇಟರ್ ಕೂತಿರುವ ಜಾಗದ ಗ್ಯಾಸ್ಕೆಟ್ ಸೀಳಿದ್ದರೆ, ರಬ್ಬರ್ ಪೈಪ್ ಒಡೆದಿದ್ದರೆ ಕಳ್ಳದಾರಿಯಿಂದ ಗಾಳಿ ನುಗ್ಗುತ್ತದೆ, ಕಿವಿಗೊಟ್ಟರೆ ಸುಯ್ ಎನ್ನುವ ಸದ್ದು ಕೇಳಬಹುದು. ಅದನ್ನು ಪತ್ತೆ ಮಾಡಲು ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮುಕಿಸುವ ಅಭ್ಯಾಸ ಕೆಲವರಿಗಿದೆ. ಬೇಡ, ಬೆಂಕಿ ಹತ್ತುತ್ತದೆ. ಕಾರ್ಬುರೇಟರ್ ಮೈಮೇಲೆ ಪೆಟ್ರೋಲ್ ಜಿನುಗಿದ್ದರೆ ಮೇಬ್ಯಾಕ್ ಕಾಲದ ಆ ಫ್ಲೋಟ್ ಮತ್ತು ಸೂಜಿಯನ್ನು ನೋಡಬೇಕು.

ಇದೆಲ್ಲ ಸರಿಯಿದ್ದರೆ ಸ್ಕ್ರೂ ಸರದಿ. ಸೋಲೆಕ್ಸ್ ಬಗೆಯಲ್ಲಿ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಮಿಕ್ಸ್ಚರ್ ಸ್ಕ್ರೂವನ್ನು ಕಾಲು ಕಾಲು ಸುತ್ತಿನಂತೆ ಒಳಗೆ ತಿರುಗಿಸುತ್ತಾ ಎಂಜಿನ್ ತಡವರಿಸುವ ಜಾಗ ಗುರುತಿಸಿ. ನಂತರ ಹೊರಕ್ಕೆ ತಿರುಗಿಸುತ್ತಾ ಸದ್ದು ಅತ್ಯಂತ ನಯವಾಗಿ, ವೇಗ ಹೆಚ್ಚಾಗಿ ಇರುವ ಜಾಗದಲ್ಲಿ ನಿಲ್ಲಿಸಿ. ವೇಗ ಜಾಸ್ತಿ ಎನಿಸಿದರೆ ಥ್ರಾಟಲ್ ಸ್ಕ್ರೂನಿಂದ ಇಳಿಸಿ, ಮತ್ತೆ ಮಿಕ್ಸ್ಚರ್ ನೋಡಿ. ಎರಡು ಮೂರು ಸಲ ಹೀಗೆ ಮಾಡಿದರೆ ನಿಮಿಷಕ್ಕೆ 700ರಿಂದ 900 ಸುತ್ತಿನ ನಡುವೆ ಎಂಜಿನ್ ಹಿಡಿತಕ್ಕೆ ಬರುತ್ತದೆ. ಸ್ಕ್ರೂವನ್ನು ಕಚ್ಚುವಂತೆ ಬಿಗಿಯಬೇಡಿ, ಅದರ ಮೊನೆ ಕೆಟ್ಟರೆ ಕಾರ್ಬುರೇಟರೇ ಕೆಟ್ಟಂತೆ.

ಕುಷ್ಟಗಿ ದಾರಿಯ ಏಪ್ರಿಲ್ ಬಿಸಿಲಿನಲ್ಲಿ ಗಾಡಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಕೆಮ್ಮುವುದಕ್ಕೆ ಕಾರಣ ಬೇರೆ. ಬಾನೆಟ್ ಒಳಗಿನ ಕಾವಿಗೆ ಪೆಟ್ರೋಲ್ ಪಂಪಿನಲ್ಲೇ ಆವಿಯಾಗಿರುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುವ ಡ್ರೈವರ್‌ಗಳ ಹಳೆ ಉಪಾಯ ಮೂಢನಂಬಿಕೆಯಲ್ಲ, ಪಂಪ್ ತಣಿದರೆ ಆವಿ ಮತ್ತೆ ದ್ರವವಾಗುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇರುವುದೂ ಲೆಕ್ಕಕ್ಕೆ ಬರುತ್ತದೆ. ಎಥೆನಾಲ್‌ಗೆ ಬೇಕಾದ ಗಾಳಿ ಕಡಿಮೆ, 1 ಕಿಲೊಗೆ ಸುಮಾರು 9 ಕಿಲೊ. ಹಳೆ ಕಾರ್ಬುರೇಟರಿಗೆ ಇದು ಗೊತ್ತಾಗುವುದಿಲ್ಲ, ಅದು ಹಳೆ ಲೆಕ್ಕದಲ್ಲೇ ಬಡಿಸುತ್ತದೆ. ಹೀಗಾಗಿ ಮಿಶ್ರಣ ತೆಳುವಾಗುತ್ತದೆ, ಹಳೆ ರಬ್ಬರ್ ಪೈಪುಗಳೂ ಬೇಗ ಹಾಳಾಗುತ್ತವೆ. ಇಂಥ ಗಾಡಿಯಲ್ಲಿ ಫಾರ್ವರ್ಡ್ ನೋಡಿ ಇನ್ನಷ್ಟು ಪೆಟ್ರೋಲ್ ಕಡಿತ ಮಾಡಿದರೆ ನಡುಕ ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ.

ಜೀವಕ್ಕೆ ಸಂಬಂಧಿಸಿದ ಎರಡು ಮಾತು. ಐಡ್ಲಿಂಗ್ ಸರಿ ಮಾಡುವಾಗ ಎಂಜಿನ್ ಬಹಳ ಹೊತ್ತು ನಿಂತಲ್ಲೇ ಓಡುತ್ತದೆ. ಮುಚ್ಚಿದ ಶೆಡ್‌ನಲ್ಲಿ, ಮಳೆ ಬಂತೆಂದು ಶಟರ್ ಎಳೆದು ಇದನ್ನು ಮಾಡಲೇಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಬಿಸಿಲಿನ ಸುಸ್ತು ಎಂದುಕೊಂಡು ಅಲ್ಲೇ ಕೂತವರು ಮೇಲೇಳದೆ ಇರಬಹುದು. ಕೂಡಲೇ ಬಯಲಿಗೆ ಕರೆತಂದು ಆಸ್ಪತ್ರೆಗೆ ಸಾಗಿಸಿ. ಎರಡನೆಯದು, ಪೈಪಿಗೆ ಬಾಯಿ ಹಾಕಿ ಪೆಟ್ರೋಲ್ ಎಳೆಯುವುದು. ಶ್ವಾಸಕೋಶಕ್ಕೆ ಒಂದಿಷ್ಟು ಇಳಿದರೂ ತೀವ್ರ ಉರಿಯೂತವಾಗುತ್ತದೆ. ನುಂಗಿದವರಿಗೆ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಬೇಡಿ, ವಾಂತಿಯ ಜೊತೆ ಅದು ಶ್ವಾಸಕೋಶಕ್ಕೆ ಹೋಗುವ ಅಪಾಯವೇ ಹೆಚ್ಚು.

ಮೇಬ್ಯಾಕ್ ಕೊನೆಯ ವರ್ಷಗಳು

ಡೈಮ್ಲರ್ ಸತ್ತ ಮೇಲೆ ಕಂಪನಿಯಲ್ಲಿ ಮೇಬ್ಯಾಕ್‌ಗೆ ಮತ್ತೆ ಒಂಟಿತನ. ಫ್ರಾನ್ಸಿನವರು ಅವರನ್ನು ವಿನ್ಯಾಸಕಾರರ ರಾಜ ಎಂದು ಕರೆಯುತ್ತಿದ್ದ ಕಾಲದಲ್ಲೇ ಸ್ವಂತ ಕಂಪನಿಯಲ್ಲಿ ಅವರನ್ನು ಪಕ್ಕಕ್ಕೆ ಸರಿಸಲಾಯಿತು. 1907ರಲ್ಲಿ, ಅರವತ್ತೊಂದನೆಯ ವಯಸ್ಸಿನಲ್ಲಿ, ಅವರು ಎರಡನೇ ಸಲ ಹೊರಬಂದರು. ಮರು ವರ್ಷ ಕೌಂಟ್ ಜೆಪ್ಪೆಲಿನ್ ಅವರ ವಾಯುನೌಕೆ ಎಕ್ಟರ್‌ಡಿಂಗೆನ್‌ನಲ್ಲಿ ಸುಟ್ಟುಹೋಯಿತು. ಅಂಥ ನೌಕೆಗೆ ನಂಬಿಕಸ್ಥ ಎಂಜಿನ್ ಬೇಕೆಂದು ಮೇಬ್ಯಾಕ್ ಜೆಪ್ಪೆಲಿನ್‌ರ ಜೊತೆ ಸೇರಿದರು. 1909ರಲ್ಲಿ ಶುರುವಾದ ಎಂಜಿನ್ ಕಂಪನಿಯ ತಾಂತ್ರಿಕ ಹೊಣೆಯನ್ನು ಮಗ ಕಾರ್ಲ್ ಹೊತ್ತರು.

ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಗೆ ವಿಮಾನದ ಎಂಜಿನ್ ತಯಾರಿಸಲು ನಿಷೇಧ ಬಿತ್ತು. ಆಗ ಕಾರ್ಲ್ ಕಾರು ತಯಾರಿಕೆಗೆ ಇಳಿದರು. 1921ರಲ್ಲಿ ಬಂದ ಆ ದುಬಾರಿ ಕಾರಿನಿಂದಲೇ ಮೇಬ್ಯಾಕ್ ಎಂಬುದು ಶ್ರೀಮಂತಿಕೆಯ ಹೆಸರಾಯಿತು. ಆ ಕಾರುಗಳನ್ನು ರೂಪಿಸಿದ್ದು ಮಗ, ತಂದೆಯಲ್ಲ. ಫಾರ್ವರ್ಡ್‌ಗಳಲ್ಲಿ ಇವರಿಬ್ಬರನ್ನೂ ಒಬ್ಬರನ್ನಾಗಿ ಮಾಡಿರುತ್ತಾರೆ.

ವಿಲ್ಹೆಲ್ಮ್ ಮೇಬ್ಯಾಕ್ 1929ರ ಡಿಸೆಂಬರ್ 29ರಂದು ಸ್ಟುಟ್‌ಗಾರ್ಟ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ ಎಂಬತ್ಮೂರು ವರ್ಷ. ಕಾನ್‌ಸ್ಟಾಟ್‌ನ ಉಫ್ ಸ್ಮಶಾನದಲ್ಲಿ ಡೈಮ್ಲರ್ ಸಮಾಧಿಗೆ ಹತ್ತಿರದಲ್ಲೇ ಅವರ ಸಮಾಧಿಯಿದೆ. ಫ್ಲೋಟ್ ಮತ್ತು ಜೆಟ್ ಮಾತ್ರ ಅವರ ನಂತರವೂ ಬಹುಕಾಲ ಉಳಿದವು. ನಮ್ಮಲ್ಲಿ ಕಾರುಗಳಿಂದ ಅವು 2000ದ ಆಸುಪಾಸಿನಲ್ಲಿ ಮರೆಯಾಗತೊಡಗಿದವು, ಹೊಸ ಬೈಕುಗಳಿಂದ 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದಾಗ.